ಅಂಡ ಐವತ್ತು, ಮರಿ ಎಷ್ಟು?

ಹಾರ್ಮೋನ್ ಚುಚ್ಚಿದರೆ ಇಲಿಯೊಂದು ಒಂದೇ ಸಲಕ್ಕೆ ಐವತ್ತು ಅಂಡ ಬಿಡಬಲ್ಲದು ಎಂದು ಓದಿದ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಹಾಗಾದರೆ ಐವತ್ತು ಮರಿ ಹಾಕುತ್ತದೆಯೆ? ಇಲ್ಲ. ಯಾಕಿಲ್ಲ ಎಂಬುದೇ ಸ್ವಾರಸ್ಯ.

1950ರ ದಶಕ, ಎಡಿನ್‌ಬರೊ. ಇಲಿಗಳು ಅಂಡ ಬಿಡುವುದು ನಡುರಾತ್ರಿಯ ಆಸುಪಾಸಿನಲ್ಲಿ. ಹಾಗಾಗಿ ಯುವ ಸಂಶೋಧಕ ರಾಬರ್ಟ್ ಎಡ್ವರ್ಡ್ಸ್ ಅಪರಾತ್ರಿಯಲ್ಲಿ ಪ್ರಯೋಗಾಲಯಕ್ಕೆ ಓಡಬೇಕಿತ್ತು. ಹಾರ್ಮೋನ್ ಕೊಟ್ಟರೆ ಆ ಹೊತ್ತನ್ನು ತಾವೇ ನಿಗದಿ ಮಾಡಬಹುದಿತ್ತು. ಆದರೆ ಹಾಗೆ ಅಂಡ ಬಿಡಿಸುವುದು ಎಳೆಯ ಇಲಿಗಳಲ್ಲಷ್ಟೇ ಸಾಧ್ಯ, ಬೆಳೆದವುಗಳಲ್ಲಿ ಆಗದು ಎಂಬ ನಂಬಿಕೆ ಆಗ ಬಲವಾಗಿತ್ತು. ಎಡ್ವರ್ಡ್ಸ್ ಮತ್ತು ಅವರ ಪತ್ನಿ ರೂತ್ ಫೌಲರ್ ಅದನ್ನು ಸುಳ್ಳು ಮಾಡಿ 1957ರಲ್ಲಿ ಪ್ರಬಂಧ ಪ್ರಕಟಿಸಿದರು.

ವಿಧಾನ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಮೊದಲು ಗಬ್ಬದ ಕುದುರೆಯ ರಕ್ತದಿಂದ ತೆಗೆದ ಹಾರ್ಮೋನ್. ಸುಮಾರು 48 ಗಂಟೆ ಬಿಟ್ಟು, ಗರ್ಭಿಣಿಯರ ಮೂತ್ರದಲ್ಲಿ ಸಿಗುವ ಎಚ್‌ಸಿಜಿ ಎಂಬ ಹಾರ್ಮೋನ್. ಅಂಡಾಶಯದಲ್ಲಿ ಪ್ರತಿ ಸಲವೂ ಬೆಳೆಯತೊಡಗಿ ಅರ್ಧಕ್ಕೇ ಬಾಡಿಹೋಗುವ ಅಂಡಗಳೇ ಹೆಚ್ಚು. ಮೊದಲ ಚುಚ್ಚುಮದ್ದು ಅವನ್ನು ಉಳಿಸಿ ಬೆಳೆಸುತ್ತದೆ. ಎರಡನೆಯದು ಹನ್ನೆರಡು ಹದಿಮೂರು ಗಂಟೆಗಳಲ್ಲಿ ಹೊರದಬ್ಬುತ್ತದೆ. ಸೂಕ್ಷ್ಮದರ್ಶಕದಡಿ ಅಂಡನಾಳದ ಉಬ್ಬಿದ ಭಾಗವನ್ನು ಸೂಜಿಯಿಂದ ಸೀಳಿದರೆ ಅಂಟಂಟಾದ ಮುದ್ದೆಯೊಂದು ಜಾರಿ ಬೀಳುತ್ತದೆ. ಅದರೊಳಗೆ, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕ ಅಂಡಗಳು. ಸಹಜವಾಗಿ ಎಂಟು ಹತ್ತು ಸಿಗುವಲ್ಲಿ ಈಗ ಇಪ್ಪತ್ತರಿಂದ ಐವತ್ತು.

ಇಷ್ಟೂ ಅಂಡಗಳು ಫಲಿತು ಭ್ರೂಣಗಳಾದರೆ, ತೊಡಕು ಶುರುವಾಗುವುದು ಗರ್ಭಾಶಯದಲ್ಲಿ. ಮದುವೆಗೆ ಐವತ್ತು ಮಂದಿ ಬಂದಿದ್ದಾರೆ, ಪಂಕ್ತಿಯಲ್ಲಿ ಎಲೆ ಹಾಕಲು ಜಾಗ ಹತ್ತು ಹನ್ನೆರಡಕ್ಕಷ್ಟೇ. ಎರಡನೇ ಪಂಕ್ತಿಯಂತೂ ಇಲ್ಲವೇ ಇಲ್ಲ. ಭ್ರೂಣಗಳು ಒತ್ತೊತ್ತಾಗಿ ಅಂಟಿಕೊಂಡರೂ ಎಷ್ಟೋ ನಡುವೆಯೇ ಸಾಯುತ್ತವೆ. ವಿಜ್ಞಾನಿಗಳಾದ ಆನ್ ಮೆಕ್ಲಾರೆನ್ ಮತ್ತು ಡೊನಾಲ್ಡ್ ಮಿಚಿ 1959ರಲ್ಲೇ ಈ ಸಾವುಗಳನ್ನು ಅಧ್ಯಯನ ಮಾಡಿದ್ದರು.

ಆದ್ದರಿಂದ ಪ್ರಯೋಗಾಲಯಗಳಲ್ಲಿ ಅಂಡ ಕೊಟ್ಟ ಇಲಿಗೇ ಬಸಿರಿನ ಹೊಣೆ ಹೊರಿಸುವುದಿಲ್ಲ. ಭ್ರೂಣಗಳನ್ನು ಹೊರತೆಗೆದು, ಜೀನ್ ತಿದ್ದಿ ಅಥವಾ ಶೈತ್ಯದಲ್ಲಿಟ್ಟು, ಬಾಡಿಗೆ ತಾಯಂದಿರಿಗೆ ಹಂಚುತ್ತಾರೆ. ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದವರು 2015ರಲ್ಲಿ ಅಂಡಗಳ ಬೆಳವಣಿಗೆಗೆ ಕಡಿವಾಣ ಹಾಕುವ ಇನ್‌ಹಿಬಿನ್ ಹಾರ್ಮೋನಿನ ವಿರೋಧಿ ಸೀರಮ್ ಸೇರಿಸಿ ಒಂದೊಂದು ಇಲಿಯಿಂದ ನೂರಕ್ಕೂ ಹೆಚ್ಚು ಅಂಡ ಪಡೆದರು. ಸುದ್ದಿ ದೊಡ್ಡದೇ, ಗರ್ಭಾಶಯ ಮಾತ್ರ ಮೊದಲಿನಷ್ಟೇ.

ಎಡ್ವರ್ಡ್ಸ್ ಮುಂದೆ ಪ್ರನಾಳ ಶಿಶುವಿನ ಜನಕರೆನಿಸಿ 2010ರಲ್ಲಿ ನೊಬೆಲ್ ಪಡೆದರು. ತಮಾಷೆಯೆಂದರೆ, ಹಾರ್ಮೋನ್ ಕೊಟ್ಟು ಮಾಡಿದ ಯತ್ನಗಳು ವರ್ಷಗಟ್ಟಲೆ ಕೈಕೊಟ್ಟ ಮೇಲೆ, 1978ರ ಜುಲೈ 25ರಂದು ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಗಾಗಿ ಅವರ ತಂಡ ಬಳಸಿದ್ದು ತಾಯಿಯಲ್ಲಿ ಸಹಜವಾಗಿ ಬಲಿತ ಒಂದೇ ಒಂದು ಅಂಡವನ್ನು.