ಬಾದಾಮಿಯ ಕೆರೆಯಲ್ಲಿ ಭೂತನಾಥನ ಬಿಂಬ ಹಿಡಿಯುವವರು

ಭೂತನಾಥ ಗುಡಿಯ ಮುಖ ಪಡುವಣಕ್ಕೆ. ಬಾದಾಮಿಗೆ ಕ್ಯಾಮೆರಾ ಹೊತ್ತು ಬರುವವರ ಪೇಚಾಟವೆಲ್ಲ ಶುರುವಾಗುವುದು ಇಲ್ಲಿಂದಲೇ. ಅಗಸ್ತ್ಯ ತೀರ್ಥದ ನೀರು ಅಲುಗದೆ ನಿಲ್ಲುವುದು ನಸುಕಿನಲ್ಲಿ. ಆ ಹೊತ್ತಿಗೆ ಸೂರ್ಯ ಗುಡಿಯ ಬೆನ್ನಿಗಿರುವ ಬಂಡೆಗುಡ್ಡದ ಆಚೆಗಿರುತ್ತಾನೆ, ಮುಂಭಾಗವೆಲ್ಲ ನೆರಳು. ಮರಳುಗಲ್ಲು ಕೆಂಪೇರುವುದು ಇಳಿಹೊತ್ತಿನ ಬಿಸಿಲಿಗೆ. ಅಷ್ಟರಲ್ಲಿ ಗಾಳಿ ಎದ್ದು ಕೆರೆಯೆಲ್ಲ ತೆರೆತೆರೆಯಾಗಿರುತ್ತದೆ. ನೀರು ಸಿಕ್ಕಾಗ ಬೆಳಕಿಲ್ಲ, ಬೆಳಕು ಬಂದಾಗ ನೀರು ಕೈಗೆ ಸಿಗುವುದಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಮುಂಜಾನೆ, ಕೆರೆಯ ಉತ್ತರ ದಂಡೆಯ ಹಾದಿಯ ಪಕ್ಕದಲ್ಲಿ ನಡುವಯಸ್ಸಿನವರೊಬ್ಬರು ಟವೆಲ್ ಹಾಸಿ ಬೋರಲು ಮಲಗಿದ್ದರು. ಗದ್ದ ನೆಲಕ್ಕೆ ತಾಗಿತ್ತು, ಕ್ಯಾಮೆರಾ ನೀರಿಗೆ ಗೇಣುದ್ದ ಮೇಲಿತ್ತು. ಹಳಿಯಾಳದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಇವರಿಗೆ ಮದುವೆ, ಸೀಮಂತದ ಫೋಟೊಗಳೇ ಹೊಟ್ಟೆಪಾಡು. ಜೊತೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಯ ನೌಕರರೊಬ್ಬರು, ಮುಂಡಗೋಡದ ಶಾಲಾ ಮಾಸ್ತರರೊಬ್ಬರು ಮತ್ತು ಜೋಯಿಡಾ ಕಡೆಯ ಹೋಂಸ್ಟೇ ಒಂದರಲ್ಲಿ ಕೆಲಸ ಮಾಡುವ ಹುಡುಗ. ಕ್ರೂಸರ್ ಗಾಡಿ ಮಾಡಿಕೊಂಡು ನಡುರಾತ್ರಿ ಹೊರಟು, ಧಾರವಾಡ, ನವಲಗುಂದ, ನರಗುಂದ ದಾಟಿ ಕೋಳಿ ಕೂಗುವ ಹೊತ್ತಿಗೆ ಇಲ್ಲಿಗೆ ಬಂದಿಳಿದಿದ್ದರು.

ಇವರು ಬಂದ ನಾಲ್ಕೂ ತಾಲ್ಲೂಕಿನಲ್ಲಿ ಕ್ಯಾಮೆರಾಕ್ಕೆ ಬಡತನವಿಲ್ಲ. ದಾಂಡೇಲಿಯ ಮಂಗಟ್ಟೆ ಹಕ್ಕಿಗಳಿಗಾಗಿ ಹೊರ ರಾಜ್ಯಗಳಿಂದಲೂ ಜನ ಬರುತ್ತಾರೆ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದಲ್ಲಿ ಚಮಚ ಕೊಕ್ಕಿನ ಹಕ್ಕಿಗಳಿವೆ, ಅದೇ ತಾಲ್ಲೂಕಿನ ಟಿಬೆಟನ್ ಮಠಗಳ ಬಂಗಾರ ಬಣ್ಣದ ಮಾಡುಗಳಿವೆ. ಕಾಳಿ ನದಿಯಂತೂ ಇದ್ದೇ ಇದೆ. ಆದರೆ ಹಳೆಯ ಕಲ್ಲುಗುಡಿಯೊಂದು ನಿಂತ ನೀರಿಗೆ ಮುಖ ಕೊಟ್ಟು ಕುಳಿತ ಇಂಥ ನೋಟ ಆ ಕಾಡಿನಲ್ಲಿ ಅವರಿಗೆ ಸಿಕ್ಕಿಲ್ಲ. ನೀರು ಅಲ್ಲಿ ಬೇರೆಯೇ ಕೆಲಸ ಮಾಡಿದೆ. ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರೇ ಹಿನ್ನೀರಿನ ತಳ ಸೇರಿತು. ಒಂದು ಕಾಲಕ್ಕೆ ಆ ಊರಿನ ಹೆಸರಿನಲ್ಲೇ ಇದ್ದ ತಾಲ್ಲೂಕು ಈಗ ಜೋಯಿಡಾ. ಜೋಯಿಡಾದ ಹುಡುಗ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದ ಮಾತು ಇಡೀ ದಿನ ಕಿವಿಯಲ್ಲಿ ಉಳಿಯಿತು: "ನಮ್ಮ ಅಜ್ಜನ ಊರು ನೀರಾಗ ಹೋತ್ರಿ. ಇಲ್ಲಿ ನೋಡ್ರಿ, ಗುಡಿ ಮ್ಯಾಲೂ ಐತಿ, ನೀರಾಗೂ ಐತಿ."

ಸ್ಟುಡಿಯೊದವರು ಮಾತುಗಾರರು. ಮಲಗಿದ್ದಲ್ಲಿಂದಲೇ ಪಾಠ ಶುರು ಮಾಡಿದರು. "ನಿಂತು ತಗದ್ರ ಪಾಚಿ ಬರ್ತೈತಿ, ಮಲಗಿ ತಗದ್ರ ಗುಡಿ ಬರ್ತೈತಿ." ಈ ಮಾತಿನ ಹಿಂದೆ ಗಟ್ಟಿ ಲೆಕ್ಕವಿದೆ. ನೇರ ಮೇಲಿಂದ ಬಗ್ಗಿ ನೋಡಿದರೆ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮರಳಿ ಕೊಡುವುದು ನೂರಕ್ಕೆ 2 ಪಾಲು ಮಾತ್ರ, ಉಳಿದದ್ದು ಒಳಗಿಳಿಯುತ್ತದೆ. ನೋಟ ನೀರಿನ ಮಟ್ಟಕ್ಕೆ ಇಳಿದಷ್ಟೂ ಆ ಪಾಲು ಏರುತ್ತ ಹೋಗುತ್ತದೆ. ಹೀಗಾಗಿ ನೀರು ತಿಳಿಯಾಗಿರಬೇಕೆಂದೂ ಇಲ್ಲ. ಮಳೆಗಾಲದಲ್ಲಿ ಗುಡಿಯ ಹಿಂದಿನ ಗುಡ್ಡದಿಂದ ಅಕ್ಕ-ತಂಗಿ ಜಲಪಾತ ಧುಮುಕಿ ಕೆರೆಗೆ ಕೆಂಪು ನೀರು ಸೇರಿದಾಗಲೂ, ಗಾಳಿಯೊಂದು ಸುಮ್ಮನಿದ್ದರೆ ಬಿಂಬ ನಿಲ್ಲುತ್ತದೆ. ಬಿಂಬಕ್ಕೆ ಕೊಳೆಗಿಂತ ಗಾಳಿಯೇ ವೈರಿ.

ದಾಂಡೇಲಿಯವರು ತಮ್ಮ ಲೆನ್ಸಿಗೆ ಪೋಲರೈಸರ್ ಹಾಕಿಕೊಂಡು ಬಂದಿದ್ದರು. ಆಕಾಶದ ನೀಲಿ ಗಾಢವಾಗಲಿ ಎಂಬ ಆಸೆ. ಅದನ್ನು ಒಂದು ಸುತ್ತು ತಿರುಗಿಸುತ್ತಲೇ ನೀರಿನೊಳಗಿನ ಗುಡಿ ಮಾಸಿ, ದಂಡೆಯ ಕೆಳಗಿನ ಕಲ್ಲುಗಳು ಕಾಣತೊಡಗಿದವು. ನೀರಿನಿಂದ ಪುಟಿದು ಬರುವ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿಗೆ ಕಂಪಿಸುವ ಬೆಳಕು, ಆ ಗಾಜು ತಡೆಯುವುದು ಅದನ್ನೇ. "ಅದನ್ನ ಬಿಚ್ಚಿ ಕಿಸೆದಾಗ ಇಡ್ರಿ ಸಾಹೇಬ್ರ" ಎಂದರು ಸ್ಟುಡಿಯೊದವರು.

ಅವರು ತೋರಿಸಿದ ಇನ್ನೊಂದು ಸಂಗತಿಯನ್ನು ಬಾದಾಮಿಗೆ ಹೋದವರೆಲ್ಲ ಕಣ್ಣಾರೆ ನೋಡಬೇಕು. ನೀರಿನಲ್ಲಿ ಕಾಣುವುದು ಮೇಲಿನ ಗುಡಿಯನ್ನು ತಲೆಕೆಳಗು ಮಾಡಿದ ಚಿತ್ರವಲ್ಲ. ನೀರಿನ ಮೇಲ್ಮೈ ಗುಡಿಯನ್ನು ಕೆಳಗಿನಿಂದ ನೋಡಿ ನಮಗೆ ತೋರಿಸುತ್ತದೆ. ಆದ್ದರಿಂದ ಮಂಟಪದ ಕಲ್ಲಿನ ಛಜ್ಜಾದ ಅಡಿಭಾಗ, ಕಂಬಗಳ ತಲೆಯ ಬೋದಿಗೆ ಬಿಂಬದಲ್ಲಿ ಹೆಚ್ಚು ತೆರೆದು ಕಾಣುತ್ತವೆ. ಮೇಲೆ ಛಜ್ಜಾದ ಅಂಚು, ಕೆಳಗೆ ಅದರ ಹೊಟ್ಟೆ. ದೂರದ ದಂಡೆಯಲ್ಲಿ ಕುಳಿತವರಿಗೆ ಗುಡಿಯ ಆ ಭಾಗವನ್ನು ಕೆರೆಯೇ ತೋರಿಸಬೇಕು.

ಇತಿಹಾಸವನ್ನು ಬೇಗ ಹೇಳುವುದಾದರೆ ಹೀಗೆ. ಉತ್ತರದ ಬಂಡೆಯ ಮೇಲಿನ ಶಾಸನದ ಪ್ರಕಾರ ಚಾಲುಕ್ಯ ದೊರೆ 1ನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದು ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ. ದಕ್ಷಿಣದ ಗುಡ್ಡದಲ್ಲಿ ಕೊರೆದ ನಾಲ್ಕು ಗುಹೆಗಳಲ್ಲಿ ದೊಡ್ಡದಾದ ಮೂರನೆಯದು ಮಂಗಳೇಶ ಮಾಡಿಸಿದ್ದು, 578ರದು. 642ರಲ್ಲಿ ಪಲ್ಲವ ನರಸಿಂಹವರ್ಮ ಊರನ್ನು ಗೆದ್ದ, ಮುಂದೆ 1ನೇ ವಿಕ್ರಮಾದಿತ್ಯ ಮರಳಿ ಪಡೆದ. ಭೂತನಾಥ ಗುಡಿಯ ಗರ್ಭಗೃಹ ಮತ್ತು ಒಳಮಂಟಪ 7ನೇ ಶತಮಾನದ ಕೊನೆಯವು. ಕೆರೆಯ ಕಡೆಗೆ ಚಾಚಿರುವ, ಎಲ್ಲ ಫೋಟೊಗಳಲ್ಲಿ ಕಾಣುವ ತೆರೆದ ಮಂಟಪ 11ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸೇರಿದ್ದು. ಸ್ವಲ್ಪ ದೂರದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಮೊದಲ ಮಾದರಿಗಳು ಸಿಕ್ಕಿದ್ದು ಅಲ್ಲೇ.

ನೀರಿನಲ್ಲಿ ಗುಡಿಯ ಬಿಂಬ ಎಂದರೆ ಪ್ರಪಂಚದ ಛಾಯಾಗ್ರಾಹಕರಿಗೆ ಮೊದಲು ನೆನಪಾಗುವುದು ಕಾಂಬೋಡಿಯಾದ ಆಂಕೋರ್ ವಾಟ್. ಖ್ಮೇರ್ ದೊರೆ 2ನೇ ಸೂರ್ಯವರ್ಮ 12ನೇ ಶತಮಾನದ ಮೊದಲರ್ಧದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ಆ ದೇಗುಲದ ಮುಖವೂ ಪಶ್ಚಿಮಕ್ಕೇ. ಸುತ್ತ ಸುಮಾರು 190 ಮೀಟರ್ ಅಗಲದ ಕಂದಕವಿದೆ. ಆದರೂ ಜನ ಮುಗಿಬೀಳುವುದು ಒಳ ಆವರಣದ ಉತ್ತರಕ್ಕಿರುವ ಸಣ್ಣ ಕೊಳದ ದಂಡೆಗೆ, ಕತ್ತಲಿರುವಾಗಲೇ. ಅದು ಬಯಲು ಸೀಮೆ. ಸೂರ್ಯ ಗೋಪುರಗಳ ಹಿಂದಿನಿಂದ ನೇರವಾಗಿ ಏಳುತ್ತಾನೆ, ಗೋಪುರಗಳೆಲ್ಲ ಕಪ್ಪು ನೆರಳಾಗಿ ಕೆಂಪು ನೀರಿನಲ್ಲಿ ಮೂಡುತ್ತವೆ. ಬಾದಾಮಿಯಲ್ಲಿ ಗುಡ್ಡ ಅಡ್ಡ ಬರುತ್ತದೆ, ಅಂಥ ಸೂರ್ಯೋದಯದ ಚಿತ್ರ ಇಲ್ಲಿ ಸಿಗದು. ಹಾಗೆಂದು ಬಾದಾಮಿ ಕಡಿಮೆಯೇನಲ್ಲ. ಗುಡಿಯ ಜೊತೆಗೆ ಅದನ್ನು ಹಡೆದ ಬಂಡೆಯೂ ನೀರಿಗಿಳಿಯುವ ನೋಟ ಆಂಕೋರ್‌ನಲ್ಲಿಲ್ಲ. ಮೇಲಾಗಿ ಭೂತನಾಥನ ಗರ್ಭಗುಡಿ ಆಂಕೋರ್ ವಾಟ್‌ಗಿಂತ ನಾಲ್ಕು ಶತಮಾನಕ್ಕೂ ಹಿರಿಯದು.

ಈ ಊರಿಗೆ ಕ್ಯಾಮೆರಾ ಬಂದು ಸುಮಾರು 170 ವರ್ಷವಾಯಿತು. ಬಾಂಬೆ ಆರ್ಟಿಲರಿಯ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು 1855ರಲ್ಲಿ ಈ ಸೀಮೆಯ ಸ್ಮಾರಕಗಳ ಚಿತ್ರ ತೆಗೆಯಲು ಸರ್ಕಾರ ನೇಮಿಸಿತು. ಬಿಜಾಪುರ, ಐಹೊಳೆ, ಬಾದಾಮಿ ಸುತ್ತಿದ ಆತನನ್ನು ಬೇಗನೆ ಸೇನೆ ವಾಪಸು ಕರೆಯಿತು. ಕೆಲಸ ಮುಂದುವರಿಸಿದವನು ವೈದ್ಯ ವಿಲಿಯಂ ಹೆನ್ರಿ ಪಿಗೌ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹದೊಂದಿಗೆ ಧಾರವಾಡ, ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಚಿತ್ರಸಂಪುಟ 1866ರಲ್ಲಿ ಹೊರಬಂತು. ಆಗಿನ ನೆಗೆಟಿವ್‌ಗಳಿಗೆ ಬೆಳಕು ತುಂಬ ಹೊತ್ತು ಬೇಕಿತ್ತು. ಅಷ್ಟು ಹೊತ್ತು ತೆರೆದಿಟ್ಟರೆ ಸಣ್ಣ ತೆರೆಗಳೆಲ್ಲ ಕಲೆತು ನೀರು ತಾನಾಗಿ ನುಣುಪಾಗುತ್ತದೆ. ಇಂದು ಕಪ್ಪು ಫಿಲ್ಟರ್ ಹಾಕಿ ಮಾಡುವುದೂ ಅದನ್ನೇ. ಆದರೆ ಅದಕ್ಕೆ ಟ್ರೈಪಾಡ್ ಬೇಕು, ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಹಳಿಯಾಳದವರ ಟವೆಲ್ಲಿನ ಗುಟ್ಟು ಇದು. ಕ್ಯಾಮೆರಾವನ್ನು ಅದರ ಮೇಲೆ ಊರಿ, ಉಸಿರು ಕಟ್ಟಿ ಗುಂಡಿ ಒತ್ತುತ್ತಾರೆ.

ಏಳು ಗಂಟೆ ದಾಟುತ್ತಲೇ ಕೆರೆಯ ಊರಿನ ಕಡೆಯಿಂದ ಠಪ್ ಠಪ್ ಸದ್ದು ಶುರುವಾಯಿತು. ಹೆಂಗಸರು ಬುಟ್ಟಿಯಲ್ಲಿ ಬಟ್ಟೆ ಹೊತ್ತು ಮೆಟ್ಟಿಲಿಗೆ ಇಳಿದಿದ್ದರು. ಒಂದೊಂದು ಏಟಿಗೆ ಒಂದೊಂದು ಉಂಗುರ ನೀರಿನ ಮೇಲೆ ಹರಡಿ ಗುಡಿಯ ಶಿಖರವನ್ನು ಚೂರು ಮಾಡಿತು. ಪ್ರವಾಸಿಗರು ಗೊಣಗುವುದು ಇಲ್ಲಿಯೇ. ಈ ಹೆಂಗಸರನ್ನು ದಂಡೆಯಿಂದ ಎಬ್ಬಿಸಿದರೆ ಎಷ್ಟು ಚೆಂದ ಎನ್ನುವವರಿದ್ದಾರೆ. ಅವರೊಡನೆ ಒಪ್ಪುವುದು ಕಷ್ಟ. ಮೂರು ಕಡೆ ಬಂಡೆಯಿರುವ ಈ ಕೊಳ್ಳದ ನೀರಿಗೆ ನಾಲ್ಕನೆಯ ಕಡೆ ಒಡ್ಡು ಹಾಕಿ, ಉದ್ದಕ್ಕೂ ಮೆಟ್ಟಿಲು ಕಟ್ಟಿದ್ದು ಊರವರ ಬಳಕೆಗೆ. ಮೆಟ್ಟಿಲಿರುವುದೇ ಇಳಿಯಲಿಕ್ಕೆ.

ಬಟ್ಟೆ ಹಿಂಡುತ್ತಿದ್ದ ಹಿರಿಯ ಹೆಂಗಸೊಬ್ಬರು ಮಾತಿಗೆ ಸಿಕ್ಕರು. ಅವರ ತಕರಾರು ಬೇರೆಯೇ ಇತ್ತು. "ನಾವು ಒಗ್ಯಾಣ ಮಾಡೂದು ಎಲ್ರಿಗೂ ಕಾಣ್ತೈತ್ರಿ. ನೀರಾಗ ಬಾಟ್ಲಿ ಒಗದು ಹೋಗೋರು ಯಾರು, ಅದು ಕಾಣಂಗಿಲ್ಲ." ಬೊಟ್ಟು ಮಾಡಿದ ಕಡೆ ನೋಡಿದರೆ ದಂಡೆಯ ಮೂಲೆಯಲ್ಲಿ ಖಾಲಿ ನೀರಿನ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಪೂಜೆಯ ಪ್ಲಾಸ್ಟಿಕ್ ಚೀಲ ತೇಲುತ್ತಿದ್ದವು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಅಡಿಯ ಮೆಟ್ಟಿಲಿನ ಪಾಚಿಯಲ್ಲಿ ಕಾಲು ಜಾರುತ್ತದೆ ಎಂಬುದು ಅವರ ಇನ್ನೊಂದು ದೂರು. 2015ರಲ್ಲಿ ಕೇಂದ್ರದ ಹೃದಯ್ ಯೋಜನೆಗೆ ದೇಶದಾದ್ಯಂತ ಆರಿಸಿದ 12 ಪಾರಂಪರಿಕ ನಗರಗಳಲ್ಲಿ ಬಾದಾಮಿಯೂ ಒಂದು. ಅಷ್ಟು ದೊಡ್ಡ ಪಟ್ಟಿಯಲ್ಲಿ ಹೆಸರಿದ್ದ ಊರಿನಲ್ಲಿ, ಕೆರೆಯ ಮೂಲೆಯ ಕಸವನ್ನು ದಿನಕ್ಕೊಮ್ಮೆ ಬಲೆ ಹಾಕಿ ಎತ್ತುವ ಒಬ್ಬ ಆಳನ್ನು ಕೇಳುವುದು ದುಬಾರಿ ಬೇಡಿಕೆಯಲ್ಲ. ಬಟ್ಟೆ ಒಗೆಯಲು ಬೇರೆ ಕಟ್ಟೆ ಕಟ್ಟಿಸಿ ನೀರು ಕೊಟ್ಟರೆ ಸೋಪಿನ ನೊರೆಯೂ ಕೆರೆಗೆ ಸೇರದು.

ಹಗಲು ಸುಡುವಾಗ ತಂಡ ಬನಶಂಕರಿಗೆ ಹೋಗಿ, ಬುಟ್ಟಿ ಹೊತ್ತ ಅಮ್ಮಂದಿರಿಂದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಉಂಡು ಬಂತು. ಸಂಜೆ ಗುಡಿ ನಿಜಕ್ಕೂ ಕೆಂಪಾಯಿತು, ಗಾಳಿಯೂ ಬೀಸಿತು. ಸೂರ್ಯ ಮುಳುಗುವ ಮುನ್ನ ಗಾಳಿ ತುಸು ತಗ್ಗಿದಾಗ ನಾಲ್ವರೂ ಒಟ್ಟಿಗೆ ಬೋರಲು ಬಿದ್ದರು. ಅಷ್ಟರಲ್ಲಿ ಮಂಗವೊಂದು ಮಾಸ್ತರರ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ಎಳೆದುಕೊಂಡು ಹೋಯಿತು, ಮಾಸ್ತರರು ಏಳಲಿಲ್ಲ.

ಬಸ್‌ಸ್ಟ್ಯಾಂಡ್ ಬಳಿಯ ಅಂಗಡಿಯಲ್ಲಿ ಗಿರ್ಮಿಟ್, ಮಿರ್ಚಿ ತಿನ್ನುತ್ತ ಚಿತ್ರಗಳನ್ನು ನೋಡಿದರು. ಸ್ಟುಡಿಯೊದವರಿಗೆ ಹೊಸ ವರ್ಷದ ಕ್ಯಾಲೆಂಡರ್‌ಗೆ ಒಂದು ಬೇಕು. ಅವರ ಮನಸ್ಸು ಸಂಜೆಯದರ ಮೇಲೆ: ಕೆಂಪು ಮಂಟಪ, ಅದರ ಕೆಳಗೆ ಇನ್ನೊಂದು ಕೆಂಪು ಮಂಟಪ, ನಡುವೆ ಗೆರೆಯೂ ಇಲ್ಲ. ಜೋಯಿಡಾದ ಹುಡುಗ ಮುಂದಿಟ್ಟದ್ದು ಬೆಳಗಿನದು. ಅದರಲ್ಲಿ ಗುಡಿ ನೆರಳಲ್ಲಿದೆ, ಬಿಂಬ ಉಂಗುರ ಉಂಗುರವಾಗಿ ಒಡೆದಿದೆ, ಚೌಕಟ್ಟಿನ ಅಂಚಿನಲ್ಲಿ ಆ ಹಿರಿಯ ಹೆಂಗಸಿನ ಕೈ ಹಸಿರು ಸೀರೆಯೊಂದನ್ನು ಎತ್ತಿ ಹಿಡಿದಿದೆ. "ಇದನ್ನ ಯಾರು ಗ್ವಾಡಿಗೆ ಹಾಕ್ತಾರೋ ತಮ್ಮಾ?" ಎಂದರು ಸ್ಟುಡಿಯೊದವರು. "ಅವ್ವಾರು ಹಾಕ್ತಾರಂತ್ರಿ, ಕೇಳೇನಿ. ಇಷ್ಟು ವರ್ಷ ಎಲ್ರೂ ತಗಕೊಂಡ್ ಹೋಗ್ಯಾರ, ಒಬ್ರೂ ಕಳಸಿಲ್ಲಂತ" ಎಂದ ಹುಡುಗ, ಕೆರೆ ದಂಡೆಯ ಕಿರಾಣಿ ಅಂಗಡಿಯ ವಿಳಾಸ ಬರೆದುಕೊಂಡ ಚೀಟಿಯನ್ನು ಮೇಜಿನ ಮೇಲಿಟ್ಟು. ಕ್ಯಾಲೆಂಡರಿನ ಮಾತು ತೀರ್ಮಾನವಾಗಲಿಲ್ಲ. ಪ್ರಿಂಟ್ ಹಾಕಿ ಅಂಚೆಗೆ ಕೊಡುವ ಕೆಲಸವನ್ನು ಮಾತ್ರ ಸ್ಟುಡಿಯೊದವರು ಒಪ್ಪಿಕೊಂಡರು.