ಬಂದೂಕಿಗೂ ಮುನ್ನ ಕೇಳುವ ಪ್ರಶ್ನೆ

ಅಮೆರಿಕದ ಸೇನೆಯಲ್ಲಿ ಡಿಡಿ 2760 ಎಂಬ ನಮೂನೆಯೊಂದಿದೆ. ಅದರಲ್ಲಿ ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಕೌಟುಂಬಿಕ ಹಿಂಸೆಯ ಅಪರಾಧಕ್ಕಾಗಿ ನೀವು ಎಂದಾದರೂ ತಪ್ಪಿತಸ್ಥರೆಂದು ಸಾಬೀತಾಗಿದ್ದೀರಾ? ಹೌದು ಎಂದು ಬರೆದವನ ಕೈಗೆ ಸೇನೆ ಬಂದೂಕು ಕೊಡುವಂತಿಲ್ಲ, ಮದ್ದುಗುಂಡನ್ನೂ ಕೊಡುವಂತಿಲ್ಲ. ಇಷ್ಟು ಸರಳವಾದ ಪ್ರಶ್ನೆ ಕಾಗದದ ಮೇಲೆ ಬರುವಷ್ಟರಲ್ಲಿ ಎಷ್ಟೋ ಮನೆಗಳ ದೀಪ ಆರಿಹೋಗಿದ್ದವು.

1968ರ ಬಂದೂಕು ನಿಯಂತ್ರಣ ಕಾಯ್ದೆ ಗಂಭೀರ ಅಪರಾಧಿಗಳು ಬಂದೂಕು ಇಟ್ಟುಕೊಳ್ಳುವುದನ್ನು ತಡೆದಿತ್ತು. ಆದರೆ ಹೆಂಡತಿಗೆ ಹೊಡೆದದ್ದು ಎಷ್ಟೋ ಸಲ ಕೋರ್ಟಿನಲ್ಲಿ ಸಣ್ಣ ಅಪರಾಧವಾಗಿಯೇ ಮುಗಿದುಹೋಗುತ್ತಿತ್ತು. ಗಂಡ ದಂಡ ಕಟ್ಟಿ ಮನೆಗೆ ಬರುತ್ತಿದ್ದ, ಬಂದೂಕು ಇದ್ದಲ್ಲೇ ಇರುತ್ತಿತ್ತು. ಜೊತೆಗೆ, ಸರ್ಕಾರವೇ ಕೊಟ್ಟ ಆಯುಧಗಳಿಗೆ ಕಾಯ್ದೆ ವಿನಾಯಿತಿ ಕೊಟ್ಟಿತ್ತು.

ನ್ಯೂಜೆರ್ಸಿಯ ಸೆನೆಟರ್ ಫ್ರಾಂಕ್ ಲಾಟನ್‌ಬರ್ಗ್ 1996ರಲ್ಲಿ ಕೈ ಹಾಕಿದ್ದು ಇಲ್ಲಿಗೇ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಸಿಗ್ನಲ್ ದಳದಲ್ಲಿ ದುಡಿದು ಬಂದಿದ್ದ ಅವರಿಗೆ ಸಮವಸ್ತ್ರ ಹೊಸದೇನಲ್ಲ. ಕೌಟುಂಬಿಕ ಹಿಂಸೆ ಸಣ್ಣ ಅಪರಾಧವೆಂದೇ ಸಾಬೀತಾದರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಅವರ ತಿದ್ದುಪಡಿಗೆ ಸೆನೆಟ್‌ನಲ್ಲಿ 97 ಮತ ಬಿತ್ತು, ವಿರೋಧ ಬಂದದ್ದು ಎರಡೇ. ಪೊಲೀಸರಿಗೂ ಸೈನಿಕರಿಗೂ ಅದರಲ್ಲಿ ವಿನಾಯಿತಿ ಇರಲಿಲ್ಲ. ಇಡೀ ಕಾನೂನಿನ ಜೀವ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಹೊಡೆತ ತಿನ್ನುವವಳಿಗೆ ಗಂಡನ ಬಂದೂಕು ಸರ್ಕಾರದ್ದೋ ಸ್ವಂತದ್ದೋ ಎಂಬುದರಿಂದ ಏನು ವ್ಯತ್ಯಾಸ?

ಸೇನೆ ಕಾನೂನನ್ನು ತನ್ನ ರೀತಿಯಲ್ಲಿ ಓದಿಕೊಂಡಿತು. ಟ್ಯಾಂಕು, ಕ್ಷಿಪಣಿ, ವಿಮಾನಗಳು ಇದರ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಮನೆಯೊಳಗೆ ಮಾತ್ರ ಹೊಸ ಇಕ್ಕಟ್ಟು ಹುಟ್ಟಿತು. ಬಂದೂಕು ಹಿಡಿಯಲಾಗದವನ ಸೈನಿಕ ವೃತ್ತಿ ಉಳಿಯುವುದು ಕಷ್ಟ. ವೃತ್ತಿ ಹೋದರೆ ಸಂಬಳ, ಕ್ವಾರ್ಟರ್ಸ್, ಮಕ್ಕಳ ಆಸ್ಪತ್ರೆ ಎಲ್ಲವೂ ಒಟ್ಟಿಗೆ ಹೋದಂತೆ. ದೂರು ಕೊಡಬೇಕಾದವಳು ಮೊದಲು ಇಷ್ಟನ್ನೂ ಲೆಕ್ಕ ಹಾಕಬೇಕಿತ್ತು. ಹೊಡೆದ ಕಾರಣಕ್ಕೆ ಸೇನೆಯಿಂದ ಹೊರಬಿದ್ದವನ ಹೆಂಡತಿ ಮಕ್ಕಳಿಗೆ ಗರಿಷ್ಠ 36 ತಿಂಗಳು ಹಣ ಕೊಡುವ ವ್ಯವಸ್ಥೆ ತೊಂಬತ್ತರ ದಶಕದಲ್ಲೇ ಬಂದಿತ್ತು. ಆಮೇಲಿನ ಬದುಕು ಅವಳದೇ ಹೊಣೆ.

2002ರ ಬೇಸಿಗೆಯಲ್ಲಿ ನಾರ್ತ್ ಕೆರೊಲಿನಾದ ಫೋರ್ಟ್ ಬ್ರ್ಯಾಗ್ ಸೇನಾ ನೆಲೆ ದೇಶವನ್ನು ಬೆಚ್ಚಿಬೀಳಿಸಿತು. ಸುಮಾರು ಆರು ವಾರಗಳಲ್ಲಿ ಅಲ್ಲಿನ ನಾಲ್ವರು ಸೈನಿಕರ ಹೆಂಡತಿಯರು ಗಂಡಂದಿರ ಕೈಯಲ್ಲೇ ಸತ್ತರು. ಮೂವರು ಗಂಡಸರು ಅಫ್ಘಾನಿಸ್ತಾನದಿಂದ ಮರಳಿದವರು. ಒಬ್ಬ ಬಂದು ಎರಡೇ ದಿನವಾಗಿತ್ತು. ಇಬ್ಬರು ಹೆಂಡತಿಗೆ ಗುಂಡಿಕ್ಕಿ ತಾವೂ ಗುಂಡು ಹಾರಿಸಿಕೊಂಡರು. ಉಳಿದಿಬ್ಬರಿಗೆ ಬಂದೂಕೂ ಬೇಕಾಗಲಿಲ್ಲ.

ಮಲೇರಿಯಾ ತಡೆಗೆ ಕೊಡುವ ಲೇರಿಯಂ ಮಾತ್ರೆಯ ಮೇಲೆ ಕೆಲವರಿಗೆ ಅನುಮಾನ ಬಂತು. ಈ ಸಾವುಗಳಿಗೆ ಮಾತ್ರೆ ಕಾರಣವೆನ್ನಲಾಗದು ಎಂದು ಸೇನೆಯ ತನಿಖಾ ತಂಡ ನವೆಂಬರ್‌ನಲ್ಲಿ ಹೇಳಿತು. ಹದಗೆಟ್ಟ ದಾಂಪತ್ಯ, ದೀರ್ಘ ಅಗಲಿಕೆಯ ಒತ್ತಡ, ಸಹಾಯ ಕೇಳಿದರೆ ಬಡ್ತಿಗೆ ಕುತ್ತು ಎಂಬ ಭಯ: ತಂಡ ಬೊಟ್ಟು ಮಾಡಿದ್ದು ಇವುಗಳತ್ತ. ಅದೇ ತಿಂಗಳು ಲಾಟನ್‌ಬರ್ಗ್ ಕಾನೂನಿನ ಬಗ್ಗೆ ರಕ್ಷಣಾ ಇಲಾಖೆಯ ಅಂತಿಮ ನೀತಿ ಹೊರಬಂತು. ಕಾನೂನಾಗಿ ಆಗಲೇ ಆರು ವರ್ಷ. ಡಿಸೆಂಬರ್‌ನಲ್ಲಿ, ಊರ ಕೋರ್ಟು ಹೆಂಡತಿಗೆ ಕೊಟ್ಟ ರಕ್ಷಣಾ ಆದೇಶ ಸೇನಾ ನೆಲೆಯ ಗೇಟಿನೊಳಗೂ ನಡೆಯಬೇಕೆಂಬ ಕಾಯ್ದೆ ಬಂತು.

ಯುದ್ಧ ಮನಸ್ಸಿಗೆ ಮಾಡುವ ಗಾಯ ಸುಳ್ಳಲ್ಲ. ವಿಯೆಟ್ನಾಂನಿಂದ ಬಂದವರು ವರ್ಷಗಟ್ಟಲೆ ಹೋರಾಡಿದ ಮೇಲೆ 1980ರಲ್ಲಿ ಅದಕ್ಕೆ ಪಿಟಿಎಸ್‌ಡಿ ಎಂಬ ಹೆಸರು ವೈದ್ಯಕೀಯ ಕೈಪಿಡಿ ಸೇರಿತು. ಬಾಗಿಲು ಬಡಿದ ಸದ್ದಿಗೆ ಮೈ ಸೆಟೆಯುವುದು, ನಿದ್ದೆಯಲ್ಲೂ ಕಾವಲು ಕಾಯುವುದು, ಸಣ್ಣ ಮಾತಿಗೆ ಭುಗಿಲೇಳುವ ಸಿಟ್ಟು. ರಣರಂಗದಲ್ಲಿ ಜೀವ ಉಳಿಸಿದ್ದೇ ಅಡುಗೆಮನೆಯಲ್ಲಿ ಎದುರಿದ್ದವಳನ್ನು ಶತ್ರುವಾಗಿ ಕಾಣಿಸುತ್ತದೆ. ಹಾಗೆಂದು ಈ ಗಾಯ ಹೊತ್ತ ಹೆಚ್ಚಿನವರು ಯಾರ ಮೇಲೂ ಕೈ ಎತ್ತುವುದಿಲ್ಲ. ಕೈ ಎತ್ತಿದವನ ಪರವಾಗಿ ಗಾಯವನ್ನು ಸಾಕ್ಷಿಗೆ ಕರೆದರೆ ಅದು ಇವರೆಲ್ಲರಿಗೂ ಮಾಡುವ ಅವಮಾನ. ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞ ಕೇಸಿ ಟಾಫ್ಟ್ ರೂಪಿಸಿದ 'ಸ್ಟ್ರೆಂತ್ ಅಟ್ ಹೋಮ್' ಕಾರ್ಯಕ್ರಮ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಹೊಡೆದವರೇ 12 ವಾರ ಗುಂಪಿನಲ್ಲಿ ಕೂತು ಗಾಯದ ಬಗ್ಗೆಯೂ ಮಾತಾಡುತ್ತಾರೆ, ಹೊಡೆತದ ಹೊಣೆಯನ್ನೂ ಹೊರುತ್ತಾರೆ.

ಇಷ್ಟಾದರೂ ಕಾನೂನು ಗುಮಾಸ್ತನ ಮೇಜಿನ ಮೇಲೇ ಸಾಯಬಹುದು. ಯುದ್ಧರಂಗವನ್ನೇ ಕಾಣದ ವಾಯುಪಡೆಯ ಸಿಬ್ಬಂದಿಯೊಬ್ಬನಿಗೆ ಹೆಂಡತಿಯನ್ನೂ ಪುಟ್ಟ ಮಲಮಗನನ್ನೂ ಹೊಡೆದದ್ದಕ್ಕೆ 2012ರಲ್ಲಿ ಕೋರ್ಟ್ ಮಾರ್ಷಲ್ ಒಂದು ವರ್ಷ ಸೆರೆವಾಸ ವಿಧಿಸಿತು. ಆ ಮಾಹಿತಿಯನ್ನು ವಾಯುಪಡೆ ಎಫ್‌ಬಿಐಗೆ ಕಳಿಸಲೇ ಇಲ್ಲ. ಅವನು ಬಂದೂಕು ಕೊಳ್ಳಲು ಹೋದಾಗ ಅಂಗಡಿಯವರು ಪರಿಶೀಲಿಸಿದರೆ ಅವನ ಮೇಲೆ ಏನೂ ಇಲ್ಲವೆಂದೇ ಬಂತು. 2017ರ ನವೆಂಬರ್ 5ರ ಭಾನುವಾರ ಟೆಕ್ಸಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ಅವನ ಗುಂಡಿಗೆ ಸತ್ತವರು, ಗರ್ಭದಲ್ಲಿದ್ದ ಮಗುವೂ ಸೇರಿ, 26. ಆಮೇಲೆ ಹೊರಬಂದ ರಕ್ಷಣಾ ಇಲಾಖೆಯ ಮಹಾನಿರೀಕ್ಷಕರ ವರದಿಯ ಪ್ರಕಾರ, ಪರಿಶೀಲಿಸಿದ ಸೇನೆಯ 2,502 ಶಿಕ್ಷೆಗಳಲ್ಲಿ 601ರ ಬೆರಳಚ್ಚುಗಳು ಎಫ್‌ಬಿಐ ತಲುಪಿಯೇ ಇರಲಿಲ್ಲ.

2019ರಿಂದ ಸೇನಾ ಕಾನೂನಿನಲ್ಲಿ ಕೌಟುಂಬಿಕ ಹಿಂಸೆ ಪ್ರತ್ಯೇಕ ಅಪರಾಧ. ಆದರೆ ಕೋರ್ಟ್ ಮಾರ್ಷಲ್‌ಗೆ ಹೋಗದೆ ಕಮಾಂಡರ್ ತನ್ನ ಕಚೇರಿಯಲ್ಲೇ ಕೊಡುವ ಶಿಕ್ಷೆ ಲಾಟನ್‌ಬರ್ಗ್ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಸಂಬಳ ಕಡಿತ ಮಾಡಿಸಿಕೊಂಡು ಮನೆಗೆ ಹೋದವನು ಡಿಡಿ 2760ರಲ್ಲಿ 'ಇಲ್ಲ' ಎಂದು ಗುರುತು ಹಾಕಿದರೆ ಅದು ಸುಳ್ಳೂ ಆಗುವುದಿಲ್ಲ.