ಲಗಾಮಿನ ಆ ತುದಿಯಲ್ಲಿ ಒಂದು ಬಾಯಿದೆ

ಕುದುರೆಯ ಕೆಳದವಡೆಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹೆಚ್ಚುಕಡಿಮೆ ಖಾಲಿಯಾಗಿರುವ ಒಂದು ಜಾಗವಿದೆ. ಕಡಿವಾಣ ಕೂರುವುದು ಅಲ್ಲಿ. ಅಲ್ಲಿನ ಮೂಳೆಯ ಅಂಚು ಬಹಳ ಕಿರಿದು. ಅದಕ್ಕೆ ಹೊದಿಕೆಯಾಗಿರುವುದು ತೆಳ್ಳನೆಯ ಒಳಚರ್ಮವಷ್ಟೆ. ಬಾಯಿಯನ್ನು ಬಹುಮಟ್ಟಿಗೆ ನಾಲಿಗೆಯೇ ತುಂಬಿಕೊಂಡಿರುವುದರಿಂದ ಲೋಹದ ಒತ್ತಡ ಅದರ ಮೇಲೂ ಬೀಳುತ್ತದೆ, ಮೂಳೆಯ ಮೇಲೂ ತುಟಿಯ ಮೂಲೆಗಳ ಮೇಲೂ ಬೀಳುತ್ತದೆ. ಮೈಮೇಲೆ ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುವ ಪ್ರಾಣಿ ಇದು. ಸವಾರಿ ಕಲಿಯುವವರು ಕುದುರೆಯನ್ನು ಓಡಿಸುವುದಕ್ಕಿಂತ, ನಿಲ್ಲಿಸುವುದಕ್ಕಿಂತ ಮೊದಲು ಈ ಬಾಯಿಯನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಕೈ ಮೃದುವಾಗಬೇಕಾದರೆ ಮೊದಲು ತಿದ್ದಬೇಕಾದದ್ದು ಆಸನ. ಜೀನಿನ ಮೇಲೆ ಸಮತೋಲ ಇಲ್ಲದವರು ಬೀಳುವ ಭಯಕ್ಕೆ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಕೈಯಲ್ಲಿರುವುದು ಲಗಾಮು. ‘ಕೈ ಸಡಿಲ ಬಿಡಿ’ ಎಂದು ಅಂಥವರಿಗೆ ಎಷ್ಟು ಕೂಗಿ ಹೇಳಿದರೂ ಪ್ರಯೋಜನವಿಲ್ಲ, ದೇಹ ಕೇಳುವುದಿಲ್ಲ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಹೊಸಬರನ್ನು ಲಗಾಮಾಗಲಿ ರಿಕಾಪಾಗಲಿ ಇಲ್ಲದೆ ಕೂರಿಸಿ, ಶಿಕ್ಷಕರು ಉದ್ದ ಹಗ್ಗದಲ್ಲಿ ಕುದುರೆಯನ್ನು ವೃತ್ತಾಕಾರವಾಗಿ ಓಡಿಸುತ್ತ ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರೆ. ನಮ್ಮಲ್ಲಿ ಅಷ್ಟು ಕಾಲ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕನಿಷ್ಠ ಪಕ್ಷ ಕುದುರೆಯ ಕುತ್ತಿಗೆಗೆ ಒಂದು ಚರ್ಮದ ಪಟ್ಟಿ ಕಟ್ಟಿಸಿಕೊಳ್ಳಿ. ರಿಕಾಪಿನ ಹಳೆಯ ಪಟ್ಟಿಯೇ ಸಾಕು. ಆಯ ತಪ್ಪಿದಾಗ ಲಗಾಮಿನ ಬದಲು ಅದನ್ನು ಹಿಡಿಯಿರಿ. ಇಷ್ಟು ಮಾಡಿದರೇ ಎಷ್ಟೋ ಕುದುರೆಗಳ ಬಾಯಿ ಉಳಿಯುತ್ತದೆ.

ಇನ್ನು ಹಿಡಿತ. ಲಗಾಮು ಕಿರುಬೆರಳಿಗೂ ಉಂಗುರಬೆರಳಿಗೂ ನಡುವಿನಿಂದ ಅಂಗೈಯೊಳಗೆ ಬಂದು, ತೋರುಬೆರಳಿನ ಮೇಲಿನಿಂದ ಹೊರಗೆ ಹೋಗಬೇಕು. ಅಲ್ಲಿ ಹೆಬ್ಬೆರಳು ಅದನ್ನು ಮೇಲಿನಿಂದ ಒತ್ತಿ ಹಿಡಿಯುತ್ತದೆ. ಲಗಾಮಿನ ಉದ್ದವನ್ನು ಕಾಯುವ ಕೆಲಸ ಪೂರ್ತಿಯಾಗಿ ಹೆಬ್ಬೆರಳಿನದು. ಅದು ಬಿಗಿಯಾಗಿದ್ದರೆ ಮಾತ್ರ ಉಳಿದ ಬೆರಳುಗಳು ಮೃದುವಾಗಿರಬಲ್ಲವು. ಅನೇಕರು ಮೃದುತ್ವ ಎಂದುಕೊಂಡು ಬೆರಳುಗಳನ್ನೆಲ್ಲ ಬಿಚ್ಚಿಬಿಡುತ್ತಾರೆ. ಲಗಾಮು ಇಂಚಿಂಚಾಗಿ ಜಾರಿ ಉದ್ದವಾಗುತ್ತದೆ, ಕೈ ಹೊಟ್ಟೆಯ ಹತ್ತಿರ ಬಂದು ನಿಲ್ಲುತ್ತದೆ, ಕುದುರೆ ವೇಗ ಹೆಚ್ಚಿಸಿದ ಕೂಡಲೇ ಗಾಬರಿಯಿಂದ ಒಮ್ಮೆಲೇ ಜಗ್ಗುತ್ತಾರೆ. ಕುದುರೆಯ ಪಾಲಿಗೆ ಇದು ಒಂದೇ ಸಮನಾದ ಬಿಗಿಗಿಂತಲೂ ಕಷ್ಟ, ಏಕೆಂದರೆ ಏಟು ಯಾವಾಗ ಬೀಳುತ್ತದೆಂದು ಅದಕ್ಕೆ ಊಹೆಯೇ ಇರುವುದಿಲ್ಲ.

ಹೆಬ್ಬೆರಳು ಮೇಲ್ಮುಖವಾಗಿ ಇರಬೇಕೆಂದು ಶಿಕ್ಷಕರು ಹಟ ಹಿಡಿಯುವುದಕ್ಕೂ ಕಾರಣವಿದೆ. ಅಂಗೈ ನೆಲದ ಕಡೆ ತಿರುಗಿದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡಹಾಯುತ್ತವೆ, ಮೊಣಕೈ ಪಕ್ಕೆಯಿಂದ ದೂರ ಸರಿಯುತ್ತದೆ, ತೋಳು ಗಡಸಾಗುತ್ತದೆ. ಕುರ್ಚಿಯಲ್ಲಿ ಕೂತು ಈಗಲೇ ಮಾಡಿ ನೋಡಬಹುದು. ಪಕ್ಕದಿಂದ ನೋಡುವವರಿಗೆ ಮೊಣಕೈ, ಮುಷ್ಟಿ, ಕಡಿವಾಣ ಮೂರೂ ಒಂದೇ ನೇರದಲ್ಲಿ ಕಾಣಬೇಕು. ಕೈಯನ್ನು ಕೆಳಗೆ ಒತ್ತಿ ಹಿಡಿದರೆ ಆ ಗೆರೆ ಮುರಿದು ಒತ್ತಡ ನೇರವಾಗಿ ದವಡೆಯ ಮೂಳೆಯ ಮೇಲೆ ಬೀಳುತ್ತದೆ.

‘ಕೈ ಅಲುಗಾಡಿಸಬೇಡಿ’ ಎಂಬ ಮಾತನ್ನು ತಪ್ಪಾಗಿ ತಿಳಿಯುವವರು ಬಹಳ. ಕೈ ಸ್ಥಿರವಾಗಿರಬೇಕಾದದ್ದು ಕುದುರೆಯ ಬಾಯಿಗೆ ಹೋಲಿಸಿದಾಗ. ನಿಧಾನ ನಡಿಗೆಯಲ್ಲಿ ಕುದುರೆ ಹೆಜ್ಜೆಗೆ ತಕ್ಕಂತೆ ತಲೆಯನ್ನು ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಕ್ಯಾಂಟರ್ ಎಂಬ ನೆಗೆತದ ಓಟದಲ್ಲೂ ಪ್ರತಿ ನೆಗೆತಕ್ಕೆ ಒಮ್ಮೆ ತೂಗುತ್ತದೆ. ಈ ಎರಡರಲ್ಲೂ ಮೊಣಕೈ ತೆರೆಯುತ್ತ ಮುಚ್ಚುತ್ತ ತಲೆಯ ಜೊತೆ ಹೋಗಬೇಕು. ಟ್ರಾಟ್ ಎಂಬ ಕುಲುಕು ಓಟದಲ್ಲಿ ಮಾತ್ರ ತಲೆ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಏಳುವುದು ಕೂರುವುದು ಸವಾರನ ದೇಹ. ತುಂಬಿದ ಕಾಫಿ ಲೋಟ ಹಿಡಿದು ಮೆಟ್ಟಿಲು ಹತ್ತುವಾಗ ಮೈ ಏರಿಳಿದರೂ ಲೋಟ ಚೆಲ್ಲದಂತೆ ನಮ್ಮ ಮೊಣಕೈ ತಾನಾಗಿಯೇ ನೋಡಿಕೊಳ್ಳುತ್ತದಲ್ಲ, ಇಲ್ಲಿ ಬೇಕಾದದ್ದು ಅದೇ. ದೇಹ ಮೇಲೇಳುವಾಗ ಮೊಣಕೈ ತೆರೆಯಬೇಕು, ಕೂರುವಾಗ ಮಡಿಯಬೇಕು. ಇದು ತಿಳಿಯದೆ ಟ್ರಾಟ್ ಕಲಿತವರ ಮುಷ್ಟಿ ಎದ್ದಾಗಲೆಲ್ಲ ಮೇಲೆ ಹಾರುತ್ತದೆ, ಬಾಯಿಗೆ ಹೆಜ್ಜೆಗೊಂದು ಗುದ್ದು ಬೀಳುತ್ತದೆ.

ಇಷ್ಟಾದ ಮೇಲೆ ವಿಷಯದ ತಿರುಳು: ಬಿಡುವುದು. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಒತ್ತಡ ಹೋದ ಕ್ಷಣದಿಂದ. ನಿಲ್ಲಬೇಕೆಂದು ಕೇಳುವಾಗ ಮೊದಲು ಉಸಿರು ಬಿಟ್ಟು ಬೆನ್ನು ನೆಟ್ಟಗೆ ಮಾಡಿ, ಆಸನದ ಚಲನೆಯನ್ನು ನಿಲ್ಲಿಸಿ. ಉತ್ತರ ಬರದಿದ್ದರೆ ಬೆರಳುಗಳನ್ನು ಮೆಲ್ಲಗೆ ಮಡಿಸಿ. ಹಿಂದಕ್ಕೆ ಎಳೆಯುವುದು ಬೇಡ, ಮುಷ್ಟಿ ಇದ್ದಲ್ಲೇ ಇರಲಿ, ಕುದುರೆ ಬಂದು ಆ ತಡೆಯನ್ನು ತಾನೇ ಮುಟ್ಟಲಿ. ಅದು ವೇಗ ಇಳಿಸಿದ, ದವಡೆ ಸಡಿಲಿಸಿದ, ಭಾರ ಹಿಂದಕ್ಕೆ ಹಾಕಿದ ಆ ಕ್ಷಣಕ್ಕೇ ಬೆರಳು ಬಿಡಬೇಕು. ಪೂರ್ತಿ ನಿಲ್ಲುವವರೆಗೆ ಕಾಯಬಾರದು. ಮೊದಮೊದಲು ಅರ್ಧ ಹೆಜ್ಜೆಯಷ್ಟು ನಿಧಾನವಾದರೂ ಸಾಕು, ಅದಕ್ಕೇ ಬಿಡುಗಡೆ ಕೊಡಿ. ತಡವಾಗಿ ಬಿಟ್ಟರೆ ಅಷ್ಟರಲ್ಲಿ ಕುದುರೆ ಇನ್ನೇನೋ ಮಾಡಿರುತ್ತದೆ: ತಲೆ ಎತ್ತಿರಬಹುದು, ಬಾಯಿ ಕಳೆದಿರಬಹುದು. ಬಿಡುಗಡೆ ಸಿಕ್ಕಿದ್ದು ಅದಕ್ಕೇ ಎಂದು ಅದು ಕಲಿಯುತ್ತದೆ. ತಲೆ ಒದರುವ ಕುದುರೆಗಳಲ್ಲಿ ಅನೇಕವಕ್ಕೆ ಆ ಚಟ ಕಲಿಸಿದವರು ಹೀಗೆ ತಡವಾಗಿ ಬಿಟ್ಟ ಸವಾರರೇ.

ಬೆಂಗಳೂರು, ಮೈಸೂರಿನ ಸುತ್ತ ಸವಾರಿ ಕಲಿಯುವವರಿಗೆ ಇದು ಇನ್ನಷ್ಟು ಮುಖ್ಯ. ಇಲ್ಲಿನ ತರಬೇತಿ ಶಾಲೆಗಳಲ್ಲಿ ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್‌ಗಳು. ರೇಸಿನಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿಯುತ್ತಾರೆ, ಕುದುರೆ ಅದರ ಮೇಲೆ ಒರಗಿಕೊಂಡು ಓಡಲು ಕಲಿತಿರುತ್ತದೆ. ಹೊಸ ಸವಾರ ಹೆದರಿ ಎರಡೂ ಲಗಾಮು ಎಳೆದಷ್ಟೂ ಅಂಥ ಕುದುರೆ ಕುತ್ತಿಗೆ ಚಾಚಿ ವೇಗ ಹೆಚ್ಚಿಸಬಹುದು. ಅದು ಮೊಂಡುತನ ಮಾಡುತ್ತಿಲ್ಲ. ತನಗೆ ಕಲಿಸಿದ್ದನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ. ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿಯ ಜೊತೆ ಹಗ್ಗ ಜಗ್ಗಾಟದಲ್ಲಿ ಗೆಲ್ಲುವ ಮನುಷ್ಯನಿಲ್ಲ. ದೊಡ್ಡ ವೃತ್ತಕ್ಕೆ ತಿರುಗಿಸಿ, ಒಂದು ಲಗಾಮಿನಿಂದ ಕೇಳಿ ಬಿಡಿ, ಮತ್ತೆ ಕೇಳಿ ಬಿಡಿ. ಒರಗಲು ಆಸರೆಯೇ ಸಿಗದಿದ್ದರೆ ಕುದುರೆ ತನ್ನ ಭಾರವನ್ನು ತಾನೇ ಹೊರಲು ಶುರುಮಾಡುತ್ತದೆ. ದಿನವೂ ನಡಿಗೆಯಿಂದ ನಿಲುಗಡೆ, ನಿಲುಗಡೆಯಿಂದ ನಡಿಗೆ, ಇಷ್ಟನ್ನೇ ಶ್ರದ್ಧೆಯಿಂದ ಮಾಡಿಸಿದರೂ ವಾರಗಳಲ್ಲಿ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ.

ಈ ತಿಳಿವಳಿಕೆ ಹೊಸದಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫೋನ್ ಅಶ್ವಾರೋಹಣದ ಬಗ್ಗೆ ಬರೆದಾಗಲೇ, ಕುದುರೆ ಮೂಗು ಎತ್ತಿ ಒದರುವಷ್ಟು ಬಿಗಿಯೂ ಬೇಡ, ಅದಕ್ಕೆ ಗೊತ್ತೇ ಆಗದಷ್ಟು ಸಡಿಲವೂ ಬೇಡ ಎಂಬ ಅರ್ಥದಲ್ಲಿ ಎಚ್ಚರಿಸಿದ್ದ. ಫ್ರಾನ್ಸಿನ ಸವಾರಿ ಗುರು ಗೆರಿನಿಯೇರ್ 1733ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸವಾರನ ಕೈಯನ್ನು ಮೂರು ಬಗೆಯಾಗಿ ನೋಡಿದ: ಬಾಯಿಯನ್ನು ಮುಟ್ಟಿಯೂ ಮುಟ್ಟದಂತಿರುವ ಹಗುರ ಕೈ, ಬಾಯಿಯ ಅರಿವಿರುವ ಮೃದು ಕೈ, ಪೂರ್ತಿ ಹಿಡಿದ ದೃಢ ಕೈ. ಬಿಗಿಯಿಂದ ಹಗುರಕ್ಕೆ ಒಮ್ಮೆಲೇ ಜಿಗಿಯದೆ ನಡುವಿನ ಮೃದು ಕೈಯ ಮೂಲಕವೇ ಹೋಗಿ ಬರಬೇಕೆಂಬುದು ಅವನ ನಿಯಮ. ಒಳ್ಳೆಯ ಸವಾರನಿಗೆ ಮೂರೂ ಬೇಕು. ಬೆಂಗಳೂರಿನ ಫೌವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಈವೆಂಟಿಂಗ್ ಅನ್ನು ಗಮನಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಅದರ ಡ್ರೆಸ್ಸಾಜ್ ಹಂತದಲ್ಲಿ, ಅಂದರೆ ಕುದುರೆಯ ನಡೆಯ ಶಿಸ್ತನ್ನು ತೋರಿಸುವ ಭಾಗದಲ್ಲಿ, ಮಾತೆಲ್ಲ ಬೆರಳ ತುದಿಯಲ್ಲಿ. ಕ್ರಾಸ್‌ಕಂಟ್ರಿಯಲ್ಲಿ ತಡೆಗೋಡೆ ಬರುವ ಮುನ್ನ ದೃಢವಾದ ಹಿಡಿತ. ಹಾರುವ ಹೊತ್ತಿಗೆ ಕುದುರೆ ಕುತ್ತಿಗೆ ಚಾಚಲೆಂದು ಕೈ ಮುಂದಕ್ಕೆ ಹೋಗಿಬಿಡುತ್ತದೆ.

ಸಲಕರಣೆಯ ಬಗ್ಗೆ ಕೆಲವೇ ಮಾತು. ನೇರ ಎಳೆತದ ಸ್ನ್ಯಾಫಲ್ ಕಡಿವಾಣದಲ್ಲಿ ಕೈ ಹಾಕಿದಷ್ಟೇ ಬಲ ಬಾಯಿಗೆ ಹೋಗುತ್ತದೆ. ಕೆಳಗೆ ಉದ್ದ ತೋಳುಗಳಿರುವ ಕರ್ಬ್‌ನಲ್ಲಿ ಸನ್ನೆಕೋಲಿನ ನಿಯಮದಂತೆ ಅದು ಹಲವು ಪಟ್ಟಾಗುತ್ತದೆ. ಕುದುರೆ ನಿಲ್ಲುವುದಿಲ್ಲ ಎಂದು ಗಡಸು ಕಡಿವಾಣ ಹಾಕುವುದು ಕಿವಿ ಕೇಳದವರ ಮುಂದೆ ಇನ್ನೂ ಗಟ್ಟಿಯಾಗಿ ಕಿರುಚಿದಷ್ಟೇ ವ್ಯರ್ಥ. ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ. ಚೂಪಾದ ದವಡೆಹಲ್ಲು ಕೆನ್ನೆಯನ್ನು ಕೊರೆಯುತ್ತಿದ್ದರೆ ಎಂಥ ಮೃದು ಕೈಯೂ ಅದಕ್ಕೆ ನೋವೇ. ಮೂಗುಪಟ್ಟಿಯ ಕೆಳಗೆ, ಮೂಗಿನ ಮೂಳೆಯ ಮೇಲೆ, ಎರಡು ಬೆರಳು ಸಲೀಸಾಗಿ ಹೋಗಬೇಕು. ಪಟ್ಟಿ ಬಿಗಿದು ಬಾಯಿ ಮುಚ್ಚಿಸಿದರೆ ಕುದುರೆಯ ದೂರು ಕಾಣದೇ ಹೋಗುತ್ತದೆ, ನೋವು ಹೋಗುವುದಿಲ್ಲ.

ಕುದುರೆಯ ಬಾಯಿಯ ಮೇಲೆ ಅಭ್ಯಾಸ ಮಾಡುವ ಮೊದಲು ನೆಲದ ಮೇಲೆ ಮಾಡಬಹುದಾದ ಒಂದು ಕೆಲಸವಿದೆ. ಇಬ್ಬರು ಎದುರುಬದುರು ನಿಂತು, ಒಬ್ಬರು ಕಣ್ಣು ಮುಚ್ಚಿ ಕಡಿವಾಣವನ್ನು ಎರಡೂ ಕೈಯಲ್ಲಿ ಹಿಡಿಯಲಿ, ಇನ್ನೊಬ್ಬರು ಲಗಾಮು ಹಿಡಿಯಲಿ. ಉಂಗುರಬೆರಳೊಂದನ್ನು ಮಡಿಸಿದರೂ ಆ ತುದಿಯಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಆಮೇಲೆ ಪಾತ್ರ ಬದಲಿಸಿ. ತಮ್ಮ ಕೈ ಹಗುರ ಎಂದುಕೊಂಡವರು ಕಡಿವಾಣದ ತುದಿಯಲ್ಲಿ ನಿಂತಾಗ ಬಹಳ ಕಲಿಯುತ್ತಾರೆ.

ಕಲಿತದ್ದು ನಿಜವೇ ಎಂದು ತಿಳಿಯಲು ಡ್ರೆಸ್ಸಾಜ್ ಸವಾರರು ಮಾಡುವ ಪರೀಕ್ಷೆ ಸರಳ. ಟ್ರಾಟ್‌ನಲ್ಲಿ ವೃತ್ತ ಸುತ್ತುವಾಗ ಒಳಗಡೆಯ ಕೈಯನ್ನು ಕುತ್ತಿಗೆಯ ಉದ್ದಕ್ಕೂ ಮುಂದೆ ಚಾಚಿ, ಎರಡು ಮೂರು ಹೆಜ್ಜೆಯ ಕಾಲ ಆ ಲಗಾಮನ್ನು ಪೂರ್ತಿ ಸಡಿಲ ಬಿಡಿ. ವೇಗ, ಲಯ, ಕುತ್ತಿಗೆಯ ಬಾಗು ಮೊದಲಿನಂತೆಯೇ ಉಳಿದರೆ ಕುದುರೆ ಕೈಗೆ ಜೋತುಬಿದ್ದಿರಲಿಲ್ಲ ಎಂದರ್ಥ. ತಲೆ ಎತ್ತಿತು, ಓಟ ಕಿತ್ತಿತು, ಒಳಕ್ಕೆ ಕುಸಿಯಿತು ಎಂದಾದರೆ ಲಗಾಮು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ನಡಿಗೆಗೆ ಇಳಿಯಿರಿ, ಮತ್ತೆ ನಿಲುಗಡೆಯ ಪಾಠದಿಂದಲೇ ಶುರುಮಾಡಿ.